ಮನೆಯೇ ಪಾಠಶಾಲೆಯಾದ ಬಗೆ: ಅನಂತಶಾಸ್ತ್ರಿ ಡೋಂಗ್ರೆ ಕುಟುಂಬದ ಗೃಹಶಿಕ್ಷಣ – ಒಂದು ಅವಲೋಕನ

ಪೀಠಿಕೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಕ್ರಮವು ಇತ್ತೀಚಿನ ದಶಕಗಳಲ್ಲಿ ಮತ್ತೆ ಚರ್ಚೆಯ ವಸ್ತುವಾಗಿದೆ. ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯಿದೆ (2009) 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಈ ಚರ್ಚೆಗೆ ಕಾನೂನಿನ ಆಯಾಮವೂ ಸೇರಿಕೊಂಡಿತು. ಕುಟುಂಬವೊಂದು ಗೃಹಶಿಕ್ಷಣವನ್ನು ಏಕೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಚರಿತ್ರೆಯ ನೆಲೆಯಿಂದಲೂ ಕೇಳಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳಲ್ಲಿ ಅನೇಕರು ಅಕ್ಷರ ಕಲಿತದ್ದು ತಂದೆ, ಗಂಡ ಇಲ್ಲವೇ ಅಣ್ಣನಿಂದ, ಮನೆಯ ಗೋಡೆಗಳ ಒಳಗೆ. ಅವರಲ್ಲಿ ಪಂಡಿತಾ ರಮಾಬಾಯಿ (1858–1922) ಅವರ ಪ್ರಸಂಗವು ಎರಡು ಕಾರಣಗಳಿಂದ ವಿಶಿಷ್ಟವಾಗಿದೆ. ಆ ಕುಟುಂಬದ ಮೂಲ ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿದೆ. ಹಾಗೂ ಗೃಹಶಿಕ್ಷಣದ ಹಿಂದಿನ ಕಾರಣಗಳನ್ನು ಅದನ್ನು ಪಡೆದ ಮಗಳೇ ಬರೆದಿಟ್ಟಿದ್ದಾರೆ.

ಆಕರಗಳ ಸ್ವರೂಪ

ಈ ಕುಟುಂಬದ ಕುರಿತು ಮುಖ್ಯವಾಗಿ ಎರಡು ಆಕರಗಳಿವೆ. ಮೊದಲನೆಯದು 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ರಮಾಬಾಯಿಯವರ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಕೃತಿಗೆ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಬರೆದ ಪ್ರಸ್ತಾವನೆ. ಎರಡನೆಯದು 1907ರಲ್ಲಿ ರಮಾಬಾಯಿಯವರೇ ಬರೆದ ಆತ್ಮನಿವೇದನೆ. ಒಂದು ಅಮೆರಿಕದ ದಾನಿಗಳ ಮನಸ್ಸನ್ನು ಗೆಲ್ಲಲೆಂದು ಬರೆದದ್ದು. ಇನ್ನೊಂದು ಕ್ರೈಸ್ತಧರ್ಮವನ್ನು ಸ್ವೀಕರಿಸಿ ಎರಡು ದಶಕಗಳು ಕಳೆದ ಮೇಲೆ, ಹಿಂದಿನ ಬದುಕನ್ನು ಹೊಸ ನಂಬಿಕೆಯ ಬೆಳಕಿನಲ್ಲಿ ನೋಡಿ ಬರೆದದ್ದು. ಆದ್ದರಿಂದ ಇವುಗಳಲ್ಲಿನ ತೀರ್ಮಾನಗಳನ್ನು ಎಚ್ಚರದಿಂದ ಗ್ರಹಿಸಬೇಕು. ಆದರೆ ತಂದೆತಾಯಿಯರ ನಿರ್ಧಾರಗಳ ಕುರಿತು ಅಲ್ಲಿ ದೊರೆಯುವ ವಿವರಗಳು ಪರಸ್ಪರ ಪೂರಕವಾಗಿವೆ. ಮತಾಂತರದ ನಂತರವೂ ತಾಯಿಯ ಬಗೆಗಿನ ಗೌರವ ಕುಂದಲಿಲ್ಲ ಎಂಬುದಕ್ಕೆ 1887ರ ಕೃತಿಯು ತಾಯಿ ಲಕ್ಷ್ಮೀಬಾಯಿಯವರ ನೆನಪಿಗೆ ಅರ್ಪಿತವಾಗಿರುವುದೇ ಸಾಕ್ಷಿ.

ಮಾಳದಿಂದ ಗಂಗಾಮೂಲಕ್ಕೆ

ಅನಂತಶಾಸ್ತ್ರಿ ಡೋಂಗ್ರೆಯವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದ ಸಮೀಪದಲ್ಲಿರುವ ಮಾಳದ ಚಿತ್ಪಾವನ ಬ್ರಾಹ್ಮಣ ಕುಟುಂಬಕ್ಕೆ ಸೇರಿದವರು. ವಿದ್ಯಾರ್ಜನೆಗಾಗಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆಯವರ ಶಿಷ್ಯರಾಗಿದ್ದಾಗ, ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಸ್ಪಷ್ಟವಾಗಿ ಪಠಿಸುತ್ತಿದ್ದುದು ಆ ತರುಣನ ಮನಸ್ಸಿನಲ್ಲಿ ನೆಲೆಯೂರಿತು. ಊರಿಗೆ ಮರಳಿದ ಮೇಲೆ ಮೊದಲ ಪತ್ನಿಗೆ ಕಲಿಸುವ ಪ್ರಯತ್ನ ಕೈಗೂಡಲಿಲ್ಲ. ಆಕೆಯ ನಿಧನಾನಂತರ, ತೀರ್ಥಯಾತ್ರೆಯ ಸಂದರ್ಭದಲ್ಲಿ ಗೋದಾವರಿ ತೀರದಲ್ಲಿ, ಒಂಬತ್ತು ವರ್ಷದ ಲಕ್ಷ್ಮೀಬಾಯಿಯೊಡನೆ ಮರುವಿವಾಹವಾಯಿತು. ಆಗ ವರನ ವಯಸ್ಸು 44. ಸ್ತ್ರೀಶಿಕ್ಷಣದ ಈ ಪ್ರಯೋಗವು ಬಾಲ್ಯವಿವಾಹದ ಚೌಕಟ್ಟಿನಲ್ಲಿಯೇ ಆರಂಭವಾಯಿತೆಂಬುದನ್ನು ಮರೆಯುವಂತಿಲ್ಲ.

ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸತೊಡಗಿದಾಗ ಸುತ್ತಲಿನ ಪಂಡಿತವರ್ಗ ಆಕ್ಷೇಪಿಸಿತು. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಧರ್ಮಗುರುಗಳ ಮತ್ತು ವಿದ್ವಾಂಸರ ಸಭೆಯ ಮುಂದೆ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಸ್ತ್ರೀಯರಿಗೂ ಶೂದ್ರರಿಗೂ ವೇದಗಳನ್ನು ಹೊರತುಪಡಿಸಿ ಇತರ ಸಂಸ್ಕೃತ ವಾಙ್ಮಯವನ್ನು ಕಲಿಸುವುದು ಶಾಸ್ತ್ರಸಮ್ಮತವೆಂದು ಅವರು ಗ್ರಂಥಾಧಾರಗಳಿಂದ ವಾದಿಸಿದರು. ಬಹಿಷ್ಕಾರ ತಪ್ಪಿತು. ಅವರು ಶಾಸ್ತ್ರವನ್ನು ಧಿಕ್ಕರಿಸಲಿಲ್ಲ. ಶಾಸ್ತ್ರದಿಂದಲೇ ಅನುಮತಿಯನ್ನು ಹುಡುಕಿ ತೆಗೆದರು. ಈ ವಿಧಾನದಲ್ಲಿಯೇ ಅವರ ಗೃಹಶಿಕ್ಷಣದ ಶಕ್ತಿಯೂ ಮಿತಿಯೂ ಅಡಗಿದ್ದವು.

ಕಾಲಕ್ರಮದಲ್ಲಿ ಅವರು ಘಟ್ಟವನ್ನೇರಿ ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ಅಲ್ಲಿ ಶಿಷ್ಯರಿಗೆ ಪಾಠವೂ ಯಾತ್ರಿಕರಿಗೆ ಆತಿಥ್ಯವೂ ನಡೆಯಿತು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಆತಿಥ್ಯದ ಖರ್ಚು ಸಾಲವಾಗಿ ಬೆಳೆದು, ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಕುಟುಂಬ ಆ ನೆಲೆಯನ್ನು ತೊರೆಯಬೇಕಾಯಿತು. ಬೆತ್ತದ ದೊಡ್ಡ ಪೆಟ್ಟಿಗೆಯೊಂದರಲ್ಲಿ ಮಗುವನ್ನಿರಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿದರು. ಅಲ್ಲಿಂದ ಮುಂದೆ ಆ ಕುಟುಂಬಕ್ಕೆ ಸ್ಥಿರವಾದ ಮನೆಯೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯಗಳಲ್ಲಿ ಪುರಾಣ ಓದಿ, ಜನ ಕೊಟ್ಟದ್ದರಲ್ಲಿ ಬದುಕಿದರು.

ಕಲಿಕೆಯ ಕ್ರಮ

ಅನಂತಶಾಸ್ತ್ರಿಗಳು ವೃದ್ಧರಾಗಿದ್ದುದರಿಂದ ಕಿರಿಯ ಮಗಳಿಗೆ ಗುರುವಾದವರು ತಾಯಿ. ಸುಮಾರು ಎಂಟರ ವಯಸ್ಸಿನಿಂದ ಹದಿನೈದರವರೆಗೆ ಪಾಠ ನಡೆಯಿತು. ಹಗಲಿನಲ್ಲಿ ಮನೆಗೆಲಸದ ಹೊರೆಯಿದ್ದುದರಿಂದ ತಾಯಿ ನಸುಕಿನಲ್ಲಿಯೇ ಮಗಳನ್ನು ಎಬ್ಬಿಸಿ, ಮಡಿಲಲ್ಲಿರಿಸಿಕೊಂಡು ಬಾಯಿಪಾಠ ಹೇಳಿಕೊಡುತ್ತಿದ್ದರು. ಹನ್ನೆರಡರ ವಯಸ್ಸಿಗೆ ಪುರಾಣಗಳ 18,000 ಶ್ಲೋಕಗಳು ಕಂಠಸ್ಥವಾಗಿದ್ದವೆಂದು ಬಾಡ್ಲಿ ದಾಖಲಿಸಿದ್ದಾರೆ. ವ್ಯಾಕರಣ, ನಿಘಂಟು, ಭಾಗವತ ಈ ಪಠ್ಯಕ್ರಮದ ಮುಖ್ಯ ಅಂಗಗಳು. ಕನ್ನಡ, ಹಿಂದುಸ್ತಾನಿ, ಬಂಗಾಳಿಗಳು ಪಾಠದಿಂದ ಬಂದವಲ್ಲ, ದಾರಿ ನಡೆಯುತ್ತ ಕಿವಿಗೆ ಬಿದ್ದು ಕಲಿತವು.

ಈ ಕಲಿಕೆಯನ್ನು ಸಾಧ್ಯವಾಗಿಸಿದ ಇನ್ನೊಂದು ಸಂಗತಿ ವಿವಾಹಕ್ಕೆ ಸಂಬಂಧಿಸಿದ್ದು. ಹಿರಿಯ ಮಗಳಿಗೆ ಬಾಲ್ಯದಲ್ಲಿಯೇ ಮದುವೆಯಾಗಿತ್ತು. ಅಳಿಯನನ್ನು ಮನೆಯಲ್ಲಿಟ್ಟುಕೊಂಡು ವಿದ್ಯೆ ಕಲಿಸಬೇಕೆಂಬ ತಂದೆಯ ಆಸೆ ನೆರವೇರದೆ ಆ ಸಂಬಂಧ ಕಹಿಯಾಯಿತು. ಆ ಅನುಭವದಿಂದ ರಮಾಬಾಯಿಗೆ ಚಿಕ್ಕಂದಿನಲ್ಲಿ ಮದುವೆ ಮಾಡಲಿಲ್ಲ. ಹತ್ತರ ಒಳಗೆ ಹೆಣ್ಣುಮಕ್ಕಳ ಮದುವೆಯಾಗುತ್ತಿದ್ದ ಕಾಲದಲ್ಲಿ ಹದಿನೈದರವರೆಗೆ ಓದಲು ದೊರೆತ ಈ ಬಿಡುವೇ ಅಪರೂಪದ್ದು.

ನಿರ್ಧಾರದ ಇನ್ನೊಂದು ಮುಖ

ಅಂದು ಹೆಣ್ಣುಮಕ್ಕಳಿಗೆ ಶಾಲೆಗಳೇ ಇರಲಿಲ್ಲವೆಂದು ಹೇಳುವಂತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಹೆಣ್ಣುಮಕ್ಕಳಿಗೂ ಶಾಲೆ ತೆರೆದಿತ್ತು. 1848ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ, 1849ರಲ್ಲಿ ಕಲ್ಕತ್ತೆಯಲ್ಲಿ ಬೆಥೂನ್ ಹೆಣ್ಣುಮಕ್ಕಳ ಶಾಲೆಗಳನ್ನು ಸ್ಥಾಪಿಸಿದ್ದರು. ಡೋಂಗ್ರೆ ದಂಪತಿಗಳು ಅತ್ತ ನೋಡಲಿಲ್ಲ. ಮಕ್ಕಳು ಹೊರಜಗತ್ತಿನ ಸಂಪರ್ಕಕ್ಕೆ ಬಾರದೆ ಪೂರ್ವಿಕರ ಧರ್ಮದಲ್ಲಿ ನಿಷ್ಠರಾಗಿ ಉಳಿಯಬೇಕೆಂಬುದು ಅವರ ಬಯಕೆಯಾಗಿತ್ತೆಂದು ರಮಾಬಾಯಿ ಬರೆದಿದ್ದಾರೆ. ಇಂಗ್ಲಿಷ್ ಕಲಿಕೆ ಜಾತಿಭ್ರಷ್ಟತೆಗೆ ದಾರಿಯೆಂದೂ, ಲೌಕಿಕ ವಿದ್ಯೆ ಹಣದಾಸೆಯ ಸಾಧನವೆಂದೂ ಅವರು ಭಾವಿಸಿದ್ದರು. ಪಾಠಶಾಲೆ ಹೆಣ್ಣನ್ನು ಹೊರಗಿಟ್ಟಿತೆಂಬ ಅಸಮ್ಮತಿ, ಹೊಸ ಶಾಲೆ ಧರ್ಮವನ್ನು ಕೆಡಿಸೀತೆಂಬ ಭೀತಿ – ಇವೆರಡೂ ಒಂದೇ ಮನೆಯಲ್ಲಿ, ಒಂದೇ ನಿರ್ಧಾರದಲ್ಲಿ ಕೂಡಿದ್ದವು. ಅನಂತಶಾಸ್ತ್ರಿಗಳನ್ನು ಕೇವಲ ಸುಧಾರಕರೆಂದು ಕೊಂಡಾಡುವುದಾಗಲಿ ಕೇವಲ ಸಂಪ್ರದಾಯಸ್ಥರೆಂದು ಬದಿಗಿಡುವುದಾಗಲಿ ಈ ಕಾರಣದಿಂದ ಸರಿಯೆನಿಸದು.

ಈ ನಿರ್ಧಾರದ ಬೆಲೆಯನ್ನು 1870ರ ದಶಕದ ಬರಗಾಲ ತೋರಿಸಿಕೊಟ್ಟಿತು. ಪುರಾಣ ಕೇಳಿ ದಕ್ಷಿಣೆ ಕೊಡುವವರೇ ಇಲ್ಲವಾದಾಗ ಕುಟುಂಬಕ್ಕೆ ಬೇರೆ ಜೀವನೋಪಾಯ ತಿಳಿದಿರಲಿಲ್ಲ. ಮೈಮುರಿದು ದುಡಿಯುವ ಕೆಲಸ ಕಲಿತಿರಲಿಲ್ಲ. ಬೇಡಲು ಮಾನ ಅಡ್ಡಬಂದಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಾವಿರಾರು ಶ್ಲೋಕ ಬಲ್ಲ ಮಗಳೂ ಅಣ್ಣ ಶ್ರೀನಿವಾಸನೂ ಮಾತ್ರ ಉಳಿದು ಉತ್ತರದತ್ತ ನಡೆದರು.

ಮನೆಯಿಂದ ಸಂಸ್ಥೆಗೆ

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ತಲುಪಿದರು. ಅಲ್ಲಿನ ವಿದ್ವಾಂಸರು ರಮಾಬಾಯಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ತಾಯಿ ನಸುಕಿನಲ್ಲಿ ಹೇಳಿಕೊಟ್ಟ ವಿದ್ಯೆಗೆ ಸಾರ್ವಜನಿಕ ಮನ್ನಣೆ ದೊರೆತದ್ದು ಹೀಗೆ. ಅದೇ ನಗರದಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಆಕೆಯ ಕೈಗೆ ವೇದದ ಪ್ರತಿಯೊಂದನ್ನು ಕೊಟ್ಟರು. ಉಡುಪಿಯ ಸಭೆಯಲ್ಲಿ ತಂದೆ ಒಪ್ಪಿಕೊಂಡಿದ್ದ ಗಡಿಯನ್ನು ಮಗಳು ದಾಟಿದ್ದು ಆಗ. 1880ರಲ್ಲಿ ಅಣ್ಣನ ಮರಣ, ಅದೇ ವರ್ಷ ಬಿಪಿನ್ ಬಿಹಾರಿ ದಾಸರೊಡನೆ ಅಂತರ್ಜಾತೀಯ ವಿವಾಹ, 1882ರಲ್ಲಿ ವೈಧವ್ಯ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕಾರ – ಈ ಘಟನೆಗಳು ವೇಗವಾಗಿ ನಡೆದವು. ಮಕ್ಕಳನ್ನು ಹೊರಗಿನ ಪ್ರಭಾವದಿಂದ ಕಾಯಬೇಕೆಂಬ ತಂದೆತಾಯಿಯರ ಉದ್ದೇಶ ಈಡೇರಲಿಲ್ಲ. ಓದಿ ತರ್ಕಿಸಲು ಕಲಿಸಬೇಕೆಂಬ ಉದ್ದೇಶ ಮಾತ್ರ ಅವರ ಎಣಿಕೆಯನ್ನೂ ಮೀರಿ ಈಡೇರಿತು.

ಮನೆಯಲ್ಲಿಯೇ ಕಲಿತ ರಮಾಬಾಯಿ ಸ್ತ್ರೀಶಿಕ್ಷಣಕ್ಕೆ ಆರಿಸಿಕೊಂಡದ್ದು ಸಂಸ್ಥೆಯ ಮಾರ್ಗವನ್ನು. 1882ರಲ್ಲಿ ಪುಣೆಯಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ನೀಡಿ, ಮಹಿಳಾ ಶಿಕ್ಷಕಿಯರನ್ನು ತರಬೇತುಗೊಳಿಸಬೇಕು, ಸ್ತ್ರೀಯರಿಗೆ ವೈದ್ಯವಿದ್ಯೆ ಕಲಿಸಬೇಕು ಎಂದು ಒತ್ತಾಯಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು. ಅದರ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ಬಾಲವಿಧವೆ ಗೋದುಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. 1890ರ ದಶಕದ ಕೊನೆಯ ಬರಗಾಲಗಳಲ್ಲಿ ರಕ್ಷಿಸಿ ತಂದ ಹೆಣ್ಣುಮಕ್ಕಳಿಗಾಗಿ ಪುಣೆಯ ಸಮೀಪದ ಕೇಡಗಾಂವಿನಲ್ಲಿ ಬೆಳೆದ ಮುಕ್ತಿ ಸಂಸ್ಥೆಯಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮುದ್ರಣ, ಬೇಸಾಯದ ಕೆಲಸಗಳನ್ನೂ ಕಲಿಸಲಾಯಿತು. ಬರಗಾಲದಲ್ಲಿ ತನ್ನ ಕುಟುಂಬಕ್ಕೆ ಯಾವ ವಿದ್ಯೆಯ ಕೊರತೆಯಿತ್ತೋ ಅದನ್ನು ಆಕೆ ತನ್ನ ಪಠ್ಯಕ್ರಮದಲ್ಲಿ ಸೇರಿಸಿದರು. 1910ರ ದಶಕದಲ್ಲಿ ಮಗಳು ಮನೋರಮೆಯ ನೇತೃತ್ವದಲ್ಲಿ, ಅಂದಿನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾದಲ್ಲಿ (ಇಂದಿನ ಕಲಬುರಗಿ) ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಕನ್ನಡ ನೆಲದ ಕಾಡಿನಿಂದ ಸಾಲದ ಕಾರಣಕ್ಕೆ ಹೊರಟ ಕುಟುಂಬದ ವಿದ್ಯೆ, ಅರ್ಧ ಶತಮಾನದ ನಂತರ ಶಾಲೆಯ ರೂಪದಲ್ಲಿ ಕನ್ನಡ ನೆಲಕ್ಕೆ ಮರಳಿತು.

ಉಪಸಂಹಾರ

ಗೃಹಶಿಕ್ಷಣವು ಮುಂದೆಯೂ ನಿಲ್ಲಲಿಲ್ಲ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಗಿದ್ದರೂ, ಅಲ್ಲಿಗೆ ಸಮೀಪದ ನಂಜನಗೂಡಿನಲ್ಲಿ ಬಾಲವಿಧವೆಯಾದ ತಿರುಮಲಾಂಬ (1887–1982) ತಂದೆಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ವ್ಯಾಸಂಗ ಮಾಡಿದರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಶಾಲೆ ಇದ್ದ ಮಾತ್ರಕ್ಕೆ ಅದು ಎಲ್ಲರ ಪಾಲಿಗೂ ತೆರೆದಿರಲಿಲ್ಲ ಎಂಬುದನ್ನು ಈ ನಿದರ್ಶನವೂ ಸೂಚಿಸುತ್ತದೆ.

ಡೋಂಗ್ರೆ ಕುಟುಂಬದ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮಕ್ಕಳನ್ನು ಮನೆಯಲ್ಲಿ ಕಲಿಸುವ ನಿರ್ಧಾರಕ್ಕೆ ಒಂದೇ ಕಾರಣವನ್ನು ಹುಡುಕುವುದು ಸಾಧುವಲ್ಲ. ಶಾಲೆ ಕೊಡದಿರುವುದನ್ನು ಕೊಡುವ ಹಂಬಲವೂ, ಶಾಲೆ ಕೊಡುವುದನ್ನು ತಡೆಯುವ ಇಚ್ಛೆಯೂ ಒಟ್ಟಿಗೇ ಇರಬಲ್ಲವು. ಅಲ್ಲದೆ ಅದರ ಫಲ ಅಪರೂಪದ ಗುರುವನ್ನು ಅವಲಂಬಿಸಿದೆ. ಲಕ್ಷ್ಮೀಬಾಯಿಯಂತಹ ತಾಯಿ ಎಷ್ಟು ಮನೆಗಳಲ್ಲಿದ್ದಾರು? ಆ ಭಾಗ್ಯವನ್ನು ಪಡೆದ ಮಗಳೇ, ಅಂತಹ ತಾಯಿಯಿಲ್ಲದವರಿಗಾಗಿ ಶಾಲೆಗಳನ್ನು ಕಟ್ಟಿದರು.