ಪಿಯಾನೊ ಇಲ್ಲದ ವೇದಿಕೆ: ಸನ್ನಿ ರಾಲಿನ್ಸ್ ಅವರ ವಿಲೇಜ್ ವ್ಯಾನ್‌ಗಾರ್ಡ್ ಧ್ವನಿಮುದ್ರಣ

ಜಾಝ್ ಟೆನರ್ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಅವರ ‘ಎ ನೈಟ್ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಆಲ್ಬಮ್ಮಿನಲ್ಲಿ ಪಿಯಾನೊ ಇಲ್ಲ. ಇದರಿಂದ ಟೆನರ್ ಸ್ಯಾಕ್ಸೊಫೋನಿಗೆ ಸ್ವಾತಂತ್ರ್ಯ ಸಿಕ್ಕಿತೆಂಬ ಮಾತು ಅರ್ಧ ಮಾತ್ರ ನಿಜ. ಸ್ವರಮೇಳವನ್ನು ತೋರಿಸಲು ಪಿಯಾನೊ ಹೊರುತ್ತಿದ್ದ ಹೊಣೆ ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್ ನುಡಿಸುವ ಉಳಿದ ಮೂವರ ಹೆಗಲಿಗೆ ಬಿತ್ತೆಂಬುದು ನನ್ನ ವಾದ.

1957ರ ನವೆಂಬರ್ 3ರಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬ್ಲೂ ನೋಟ್ ಕಂಪನಿಗಾಗಿ ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಣ ಮಾಡಿದರು. ಮಧ್ಯಾಹ್ನ ಡೊನಾಲ್ಡ್ ಬೇಯ್ಲಿ ಬಾಸ್, ಪೀಟ್ ಲ ರೋಕಾ ಡ್ರಮ್ಸ್. ರಾತ್ರಿ ವಿಲ್ಬರ್ ವೇರ್, ಎಲ್ವಿನ್ ಜೋನ್ಸ್. ಮೊದಲ ಎಲ್‌ಪಿಯ 6 ರಚನೆಗಳಲ್ಲಿ ‘ಎ ನೈಟ್ ಇನ್ ಟುನೀಶಿಯಾ’ ಒಂದೇ ಮಧ್ಯಾಹ್ನದ್ದು. ಅದೇ ವರ್ಷದ ಮಾರ್ಚಿನಲ್ಲಿ ‘ವೇ ಔಟ್ ವೆಸ್ಟ್’ಗಾಗಿ ರಾಲಿನ್ಸ್ ಪಿಯಾನೊ ಇಲ್ಲದೆ ನುಡಿಸಿದ್ದರು, ಹಾಗಾಗಿ ಇದನ್ನು ಆ ದಿನದ ಆಕಸ್ಮಿಕವೆನ್ನಲಾಗದು.

‘ಸನ್ನಿಮೂನ್ ಫಾರ್ ಟೂ’ ಕೇಳಿದರೆ ಹೊಣೆಯ ಹಂಚಿಕೆ ಸ್ಪಷ್ಟವಾಗುತ್ತದೆ. ಮೇಲಿನಿಂದ ಇಳಿದು ಬರುವ 4 ಬಾರ್‌ಗಳ ಒಂದು ಪುಟ್ಟ ಸ್ವರವಾಕ್ಯ ಮೂರು ಬಾರಿ ಬಂದು 12 ಬಾರ್‌ಗಳ ಬ್ಲೂಸ್ ಪೂರ್ಣಗೊಳ್ಳುತ್ತದೆ. ವೇರ್ ಮಿತಭಾಷಿ, ಕೆಳಸ್ಥಾಯಿಯ ಕೆಲವೇ ಸ್ವರಗಳಲ್ಲಿ ಸ್ವರಮೇಳದ ಬುಡವನ್ನು ತೋರಿಸಿ, ನಡುವೆ ಜಾಗ ಬಿಡುತ್ತಾರೆ. ಜೋನ್ಸ್ ಆ ಜಾಗದಲ್ಲಿ ಒಂದರ ಮೇಲೊಂದು ಲಯ ಹೆಣೆಯುತ್ತಾರೆ. ಹೀಗಿರುವಾಗ 12 ಬಾರ್‌ಗಳ ಆವರ್ತ ಎಲ್ಲಿ ಮುಗಿಯಿತೆಂದು ತಿಳಿಸುವ ಕೆಲಸ ಬಹುಮಟ್ಟಿಗೆ ರಾಲಿನ್ಸ್ ಅವರದೇ. ಅವರು ಮೂಲವಾಕ್ಯದ ತುಣುಕನ್ನು ಹಿಡಿದು, ಮುರಿದು, ಮತ್ತೆ ಅದಕ್ಕೇ ಮರಳುತ್ತಾರೆ. ಸಂಗೀತ ವಿಮರ್ಶಕ ಗುಂಥರ್ ಶುಲ್ಲರ್ 1958ರಲ್ಲಿ ರಾಲಿನ್ಸ್ ಅವರದೇ ‘ಬ್ಲೂ 7’ ಕುರಿತು ಬರೆಯುತ್ತ ಗುರುತಿಸಿದ್ದು ಹೀಗೆ ಮೂಲವಾಕ್ಯವನ್ನೇ ಬೆಳೆಸುವ ಮನೋಧರ್ಮವನ್ನೇ. ಅವರಿಗೆ ಅದು ವಿನ್ಯಾಸದ ಸೊಬಗು. ವ್ಯಾನ್‌ಗಾರ್ಡಿನಲ್ಲಿ ಅದು ಕಚೇರಿಯ ಅಗತ್ಯವೂ ಆಯಿತು. ಚಾರ್ಲಿ ಪಾರ್ಕರ್ ಅವರ ‘ಕನ್‌ಫರ್ಮೇಶನ್’ನ ಸ್ವರಮೇಳಗಳ ಮೇಲೆ ಕಟ್ಟಿದ ‘ಸ್ಟ್ರೈವರ್ಸ್ ರೋ’ದಲ್ಲಂತೂ ಆ ಸ್ವರಮೇಳಗಳ ಜಟಿಲ ಚಲನೆ ಬಹುಪಾಲು ಸ್ಯಾಕ್ಸೊಫೋನಿನ ಒಂಟಿ ಗೆರೆಯಲ್ಲೇ ಕೇಳಿಬರಬೇಕು, ಅದು ಕೇಳಿಬರುತ್ತದೆ ಎಂಬುದೇ ಬೆರಗು.

1961ರ ನವೆಂಬರ್‌ನಲ್ಲಿ ಇದೇ ಕ್ಲಬ್ಬಿನಲ್ಲಿ ಇನ್ನೊಬ್ಬ ಟೆನರ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ‘ಚೇಸಿನ್ ದ ಟ್ರೇನ್’ ನುಡಿಸಿದಾಗಲೂ ಪಿಯಾನೊ ಸುಮ್ಮನಿತ್ತು. ಅಲ್ಲೂ 12 ಬಾರ್‌ಗಳ ಬ್ಲೂಸ್, ಡ್ರಮ್ಸ್‌ನಲ್ಲಿ ಮತ್ತೆ ಜೋನ್ಸ್. ಆದರೆ ಕೋಲ್ಟ್ರೇನ್ ಆವರ್ತದ ಅಂಚುಗಳನ್ನು ತೇಲಿಸಿಬಿಡುತ್ತಾರೆ. ರಾಲಿನ್ಸ್ ಅವನ್ನು ಬಹುಮಟ್ಟಿಗೆ ತಾವೇ ಕಾಯುತ್ತ, ಕಾಯುತ್ತಲೇ ಆಟವಾಡುತ್ತಾರೆ. ಕಷ್ಟದ ದಾರಿ ಇದೇ ಎಂದು ನನ್ನ ಭಾವನೆ.