ಅಸಿಸ್ಟೆಂಟ್‌ಗೋಸ್ಕರ ಹುಟ್ಟಿದ ಚಿತ್ರ: ಐಸೊಮೆಟ್ರಿಕ್ ಕಥೆ

1/6

ಮೊದಲ ಫೋಟೋದಲ್ಲಿ ಮೂರೇ ಗೆರೆ ಇದೆ ನೋಡಿ. ಒಂದು ನೆಟ್ಟಗೆ ಮೇಲಕ್ಕೆ. ಒಂದು ಬಲಕ್ಕೆ 30 ಡಿಗ್ರಿ ಓರೆ, ಇನ್ನೊಂದು ಎಡಕ್ಕೆ 30 ಡಿಗ್ರಿ ಓರೆ. ಐಸೊಮೆಟ್ರಿಕ್ ಡ್ರಾಯಿಂಗ್‌ನ ಬುನಾದಿ ಇಷ್ಟೇ. ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಹೋದ ನಮ್ಮ ಫ್ರೆಂಡ್ಸ್ ಮೊದಲ ವರ್ಷದಲ್ಲಿ ಬೈಕೊಂಡು ಕಲಿತದ್ದು ಇದನ್ನೇ. ಐಟಿಐ ಸೇರಿದವರು ಬೈಕೊಳ್ಳದೆ ಕಲಿತರು. ಕಾಮರ್ಸ್‌ನ ನಾವು ಮಾತ್ರ ಬಚಾವಾದ್ವಿ ಅಂದ್ಕೊಂಡಿದ್ವಿ.

ಈ ವಾರದ ಸರಣಿ ಇದರ ಬಗ್ಗೆ. ಲೆಕ್ಕ ಸ್ವಲ್ಪ ಬರುತ್ತೆ, ಹೆದರಬೇಡಿ. ಇದನ್ನ ಯಾರು, ಯಾಕೆ, ಯಾರಿಗೋಸ್ಕರ ಶುರು ಮಾಡಿದ್ರು ಅನ್ನೋದೇ ಮುಖ್ಯ ಕಥೆ.

2/6

ಜಾಗ ಇಂಗ್ಲೆಂಡಿನ ಕೇಂಬ್ರಿಡ್ಜ್, ಕಾಲ ಹತ್ತೊಂಬತ್ತನೇ ಶತಮಾನದ ಆರಂಭ. ವಿಲಿಯಂ ಫ್ಯಾರಿಶ್ (1759–1837) ಅಂತ ಒಬ್ಬ ಪ್ರೊಫೆಸರ್. ಚರ್ಚಿನಲ್ಲಿ ಪಾದ್ರಿ ಕೂಡ. ಅವರ ಪಾಠದ ವಿಷಯ ಆ ಕಾಲಕ್ಕೆ ವಿಚಿತ್ರ: ಗಿರಣಿ, ಕಾರ್ಖಾನೆಗಳಲ್ಲಿ ಯಂತ್ರಗಳು ಹೇಗೆ ಕೆಲಸ ಮಾಡ್ತವೆ ಅನ್ನೋದು. ಬರೀ ಬಾಯಲ್ಲಿ ಹೇಳಿದ್ರೆ ಯಾರಿಗೆ ಅರ್ಥ ಆಗುತ್ತೆ? ಕ್ಲಾಸಿಗೇ ಯಂತ್ರದ ಮಾದರಿ ತಂದು ಓಡಿಸಿ ತೋರಿಸ್ತಿದ್ರು.

ಆದ್ರೆ ಅಷ್ಟು ಯಂತ್ರಗಳ ಮಾದರಿ ಮಾಡಿಸಿ ಇಟ್ಟುಕೊಳ್ಳೋಕೆ ಜಾಗ ಎಲ್ಲಿದೆ, ದುಡ್ಡು ಎಲ್ಲಿದೆ? ಫ್ಯಾರಿಶ್ ಒಂದು ಸೆಟ್ ಬಿಡಿಭಾಗ ಮಾಡಿಸಿದ್ರು. ಒಂದಕ್ಕೊಂದು ಹಲ್ಲು ಕೂಡೋ ಹಿತ್ತಾಳೆ ಚಕ್ರಗಳು, ಬೇರೆ ಬೇರೆ ಉದ್ದದ ಅಚ್ಚುಗಳು, ಪಟ್ಟಿಗಳು, ಕ್ಲ್ಯಾಂಪುಗಳು. ಇವತ್ತಿನ ಪಾಠಕ್ಕೆ ಒಂದು ಯಂತ್ರ ಜೋಡಿಸೋದು, ಪಾಠ ಮುಗಿದ ಮೇಲೆ ಬಿಚ್ಚಿ ಅದೇ ಭಾಗಗಳಿಂದ ಮುಂದಿನ ಪಾಠದ ಯಂತ್ರ ಕಟ್ಟೋದು. ಮಕ್ಕಳ ಮೆಕ್ಯಾನೋ ಸೆಟ್ ನೆನಪಾಗುತ್ತಲ್ವಾ? ಅದು ಬರೋದಕ್ಕಿಂತ ಬಹಳ ಮೊದಲಿನ ಮಾತು ಇದು.

ಜೋಡಿಸೋ ಕೆಲಸ ಅಸಿಸ್ಟೆಂಟ್‌ಗಳದ್ದು. ಪ್ರೊಫೆಸರ್ ಪ್ರತಿ ಸಲ ಪಕ್ಕದಲ್ಲೇ ನಿಂತು 'ಆ ಚಕ್ರ ಅಲ್ಲಿ, ಈ ಪಟ್ಟಿ ಇಲ್ಲಿ' ಅನ್ನೋಕೆ ಆಗಲ್ಲ. ಯಂತ್ರ ಆಗಲೇ ಬಿಚ್ಚಿಹೋಗಿದೆ, ನೋಡಿ ಮಾಡೋಣ ಅಂದ್ರೆ ಮಾದರಿಯೇ ಇಲ್ಲ. ಆದ್ದರಿಂದ ಕಾಗದದ ಮೇಲೆ ಒಂದು ಚಿತ್ರ ಬೇಕಾಯ್ತು. ಎಂಥ ಚಿತ್ರ? ನೋಡಿದ ತಕ್ಷಣ ಅರ್ಥ ಆಗಬೇಕು, ಸ್ಕೇಲ್ ಇಟ್ಟರೆ ಅಳತೆನೂ ಸಿಗಬೇಕು.

ಆ ಅಸಿಸ್ಟೆಂಟ್‌ಗೋಸ್ಕರ ರೂಪಿಸಿದ ವಿಧಾನವನ್ನೇ ಫ್ಯಾರಿಶ್ ನಿಯಮಗಳ ಸಮೇತ ಬರೆದ್ರು. 1822ರಲ್ಲಿ ಕೇಂಬ್ರಿಡ್ಜ್ ಫಿಲಾಸಫಿಕಲ್ ಸೊಸೈಟಿಯ ಮೊದಲ ಸಂಪುಟದಲ್ಲಿ ಅಚ್ಚಾಯ್ತು. ಓರೆಗೆರೆಯ ಇಂಥ ಚಿತ್ರಗಳನ್ನ ಅದಕ್ಕೂ ಮುಂಚೆ ಚೀನಾದಿಂದ ಹಿಡಿದು ಯುರೋಪಿನವರೆಗೆ ಜನ ಬರೀತಿದ್ರು. ಅದಕ್ಕೊಂದು ಲೆಕ್ಕ, ಒಂದು ಹೆಸರು ಕೊಟ್ಟದ್ದು ಫ್ಯಾರಿಶ್. ಗ್ರೀಕಿನಲ್ಲಿ 'ಐಸೊಸ್' ಅಂದ್ರೆ ಸಮ, 'ಮೆಟ್ರಾನ್' ಅಂದ್ರೆ ಅಳತೆ.

3/6

ಬೇರೆ ಚಿತ್ರ ಇರಲಿಲ್ವಾ ಅಂದ್ರೆ, ಇದ್ವು. ಎರಡು ದಾರಿ ಇತ್ತು.

ಒಂದು ಪರ್ಸ್‌ಪೆಕ್ಟಿವ್. ಕಣ್ಣಿಗೆ ಕಂಡ ಹಾಗೆ, ದೂರದ್ದು ಚಿಕ್ಕದಾಗಿ. ರೈಲು ಹಳಿ ದೂರದಲ್ಲಿ ಕೂಡಿಕೊಂಡ ಹಾಗೆ ಕಾಣುತ್ತಲ್ಲ, ಅದು. ಚೆಂದ ಇದೆ, ಆದ್ರೆ ಅದರ ಮೇಲೆ ಸ್ಕೇಲ್ ಇಟ್ಟರೆ ಸುಳ್ಳು ಹೇಳುತ್ತೆ.

ಇನ್ನೊಂದು, ಮೇಲಿನ ನೋಟ, ಎದುರಿನ ನೋಟ ಅಂತ ಬೇರೆ ಬೇರೆ ಬರೆಯೋದು. ಇದನ್ನ ಪಕ್ಕಾ ಗಣಿತ ಮಾಡಿದವನು ಫ್ರಾನ್ಸಿನ ಗಾಸ್ಪಾರ್ ಮೊಂಜ್. ಅವನ ಕಥೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಸಾಮಾನ್ಯ ವ್ಯಾಪಾರಿಯ ಮಗ. ಮೆಜಿಯರ್‌ನ ಮಿಲಿಟರಿ ಶಾಲೆಯಲ್ಲಿ ಅಧಿಕಾರಿ ಆಗೋಕೆ ದೊಡ್ಡ ಮನೆತನದವನಾಗಿರಬೇಕಿತ್ತು, ಹಾಗಾಗಿ ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಸೇರಿದ. ಅಲ್ಲಿ ಕೋಟೆ ಕಟ್ಟೋ ಲೆಕ್ಕವೊಂದನ್ನ ಚಿತ್ರದಲ್ಲೇ ಬಿಡಿಸಿ ತೋರಿಸಿದ. ಅಧಿಕಾರಿಗಳು ಮೆಚ್ಚಿದ್ರು, ಜೊತೆಗೆ ಆ ವಿಧಾನವನ್ನ ಸೇನೆಯ ಗುಟ್ಟು ಅಂತ ಮುಚ್ಚಿಟ್ರು! ಫ್ರೆಂಚ್ ಕ್ರಾಂತಿ ಆದ ಮೇಲೆ, 1795ರಲ್ಲಿ ಪ್ಯಾರಿಸ್‌ನಲ್ಲಿ ಪಾಠ ಮಾಡೋವಾಗಷ್ಟೇ ಅದನ್ನ ಬಾಯಿಬಿಟ್ಟು ಹೇಳೋಕಾಯ್ತು. ಪುಸ್ತಕ ಬಂದಿದ್ದು 1799ರಲ್ಲಿ.

ಈ ನೋಟಗಳಲ್ಲಿ ಅಳತೆ ಪಕ್ಕಾ. ಆದ್ರೆ ಎರಡು ಮೂರು ಚಿತ್ರಗಳನ್ನ ತಲೆಯೊಳಗೆ ಜೋಡಿಸಿ ವಸ್ತುವನ್ನ ಊಹಿಸ್ಕೋಬೇಕು. ಅಭ್ಯಾಸ ಇಲ್ಲದವರಿಗೆ ಕಷ್ಟ. ಫ್ಯಾರಿಶ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಅವರ ಅಸಿಸ್ಟೆಂಟ್ ಗಣಿತದ ಪಂಡಿತ ಆಗಿರಬೇಕಿಲ್ಲವಲ್ಲ. ಮೊಂಜ್‌ನ ವಿಧಾನವನ್ನ ಬಚ್ಚಿಟ್ಟು ಕಾಯ್ದ ಕಾಲದಲ್ಲೇ ಬೆಳೆದ ಫ್ಯಾರಿಶ್, ಕೆಲಸ ಮಾಡೋವನಿಗೆ ಸಲೀಸಾಗಿ ಓದೋಕಾಗುವ ಚಿತ್ರ ಹುಡುಕಿದ್ರು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟ ಆದ ಸಂಗತಿ ಇದೇ.

4/6

ಈಗ ಲೆಕ್ಕ. ಒಂದು ಡೈಸ್ ತಗೊಂಡು ಒಂದು ಮೂಲೆ ಸರಿಯಾಗಿ ನಿಮ್ಮ ಕಣ್ಣಿಗೆ ಬರೋ ಹಾಗೆ, ಹಿಂದಿನ ಮೂಲೆ ಅದರ ನೇರ ಹಿಂದೆ ಅಡಗೋ ಹಾಗೆ ಹಿಡೀರಿ. ಮೂರು ಮುಖ ಒಂದೇ ಸಮ ಕಾಣ್ತವೆ, ಹೊರಗಿನ ಅಂಚು ಷಟ್ಕೋನ. ನಡುವಿನ ಮೂಲೆಯಿಂದ ಹೊರಟ ಮೂರು ಅಂಚುಗಳ ನಡುವೆ 120 ಡಿಗ್ರಿ. ಒಂದನ್ನ ನೆಟ್ಟಗೆ ನಿಲ್ಲಿಸಿದ್ರೆ ಉಳಿದೆರಡು ಅಡ್ಡಗೆರೆಗೆ 30 ಡಿಗ್ರಿ ಆಗ್ತವೆ. ಆ 30 ಬಂದಿದ್ದು ಹೀಗೆ.

ಡೈಸ್ ವಾಲಿರೋದ್ರಿಂದ ಅಂಚುಗಳು ನಿಜದ ಉದ್ದಕ್ಕಿಂತ ಗಿಡ್ಡ ಕಾಣ್ತವೆ, ಸುಮಾರು 82 ಪರ್ಸೆಂಟ್. ಮಜಾ ಏನಂದ್ರೆ ಮೂರೂ ದಿಕ್ಕಿನಲ್ಲಿ ಅಷ್ಟೇ ಗಿಡ್ಡ. ಎಲ್ಲರಿಗೂ ಒಂದೇ ಡಿಸ್ಕೌಂಟ್ ಅಂದ್ಮೇಲೆ ಡಿಸ್ಕೌಂಟ್ ಮರೆತು ಎಂಆರ್‌ಪಿಯಲ್ಲೇ ಬರೆದ್ರಾಯ್ತು! 5 ಸೆಂ.ಮೀ. ಅಂಚನ್ನ 5 ಸೆಂ.ಮೀ. ಅಂತಲೇ ಬರೀತಾರೆ. ಚಿತ್ರ ಸ್ವಲ್ಪ ದೊಡ್ಡದಾಗುತ್ತೆ ಅಷ್ಟೇ. ಗಿಡ್ಡ ಮಾಡಿ ಬರೆದ್ರೆ ಐಸೊಮೆಟ್ರಿಕ್ ಪ್ರೊಜೆಕ್ಷನ್, ಪೂರ್ತಿ ಅಳತೆಯಲ್ಲಿ ಬರೆದ್ರೆ ಐಸೊಮೆಟ್ರಿಕ್ ಡ್ರಾಯಿಂಗ್. ಇಂಜಿನಿಯರಿಂಗ್‌ನವರೇ, ಪರೀಕ್ಷೆಯಲ್ಲಿ ಈ ವ್ಯತ್ಯಾಸ ನೋಡ್ಕೊಳ್ಳಿ.

ಒಂದು ಎಚ್ಚರಿಕೆ. ಈ ಮೂರು ದಿಕ್ಕಿನ ಗೆರೆಗಳ ಮೇಲೆ ಮಾತ್ರ ಅಳೀಬಹುದು. ಓರೆ ಅಂಚು ಇದ್ರೆ ಅದರ ಎರಡು ತುದಿಗಳನ್ನ ಈ ದಿಕ್ಕುಗಳಲ್ಲೇ ಅಳೆದು ಗುರುತು ಹಾಕಿ, ಆಮೇಲೆ ಕೂಡಿಸಬೇಕು. ಚೌಕದ ಎರಡು ಕರ್ಣ ನಿಜದಲ್ಲಿ ಸಮ, ಇಲ್ಲಿ ಒಂದು ಉದ್ದ ಒಂದು ಗಿಡ್ಡ. ವೃತ್ತ ಮೊಟ್ಟೆಯಾಕಾರದ ದೀರ್ಘವೃತ್ತ ಆಗುತ್ತೆ.

5/6

ಈ ಚಿತ್ರ ಕ್ಲಾಸಿನಿಂದ ಹೊರಗೆ ಬೇಗ ಬಂತು, ಮುಖ್ಯವಾಗಿ ಗಣಿಗೆ. ನ್ಯೂಕ್ಯಾಸಲ್‌ನ ಥಾಮಸ್ ಸಾಪ್‌ವಿತ್ ಮರಗೆಲಸದ ಮನೆಯಲ್ಲಿ ಬೆಳೆದು ಗಣಿ ಸರ್ವೇಯರ್ ಆದವರು. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಎರಡು ಸುರಂಗ ಒಂದರ ಮೇಲೊಂದು ದಾಟಿದ್ರೆ, ನಡುವೆ ಎಷ್ಟು ಆಳದ ಬಂಡೆ ಇದೆ ಅನ್ನೋದು ಕಾಣಲ್ಲ. ಓರೆಗೆರೆಯಲ್ಲಿ ಬರೆದ್ರೆ ಉದ್ದ, ಅಗಲ, ಆಳ ಮೂರೂ ಒಂದೇ ಹಾಳೆಯಲ್ಲಿ. 1834ರಲ್ಲಿ ಸಾಪ್‌ವಿತ್ ಇದಕ್ಕೇ ಒಂದು ಪುಸ್ತಕ ಬರೆದ್ರು.

ಬಿಕಾಂ ಹುಡುಗನಿಗೆ ಇದೆಲ್ಲ ಯಾಕೆ ಅಂತ ಕಾಮೆಂಟ್ ಹಾಕೋರಿಗೆ ಈಗಲೇ ಉತ್ತರ. ನಮ್ಮಪ್ಪಂದು ಫ್ಯಾಬ್ರಿಕೇಶನ್ ಶೆಡ್ಡು. ಕೊಟೇಶನ್ ಬರೆಯೋನು ನಾನು. ಗಿರಾಕಿ ಮೊಬೈಲ್‌ನಲ್ಲಿ ಒಂದು ರ‍್ಯಾಕ್ ಫೋಟೋ ತೋರಿಸಿ 'ಹಿಂಗೇ ಬೇಕು, ಎಷ್ಟಾಗುತ್ತೆ?' ಅಂತಾರೆ. ಫೋಟೋ ಅಂದ್ರೆ ಪರ್ಸ್‌ಪೆಕ್ಟಿವ್, ಅದರಿಂದ ಪೈಪ್ ಲೆಕ್ಕ ಹಾಕೋಕಾಗಲ್ಲ. ಅಪ್ಪ ಬಳಪ ತಗೊಂಡು ನೆಲದ ಮೇಲೆ ಮೂರು ದಿಕ್ಕಿನ ಗೆರೆ ಎಳೀತಾರೆ. ಎತ್ತರ 6 ಅಡಿ, ಅಗಲ 4, ಆಳ ಒಂದೂವರೆ, ನಾಲ್ಕು ಹಲಗೆ. ಈಗ ಚಿತ್ರ ನೋಡಿ ಎಣಿಸಬಹುದು: ಕಾಲು ನಾಲ್ಕು, 24 ಅಡಿ. ಪ್ರತಿ ಹಲಗೆಯ ಚೌಕಟ್ಟಿಗೆ 11 ಅಡಿ, ನಾಲ್ಕಕ್ಕೆ 44. ಒಟ್ಟು 68 ಅಡಿ. 20 ಅಡಿಯ ಪೈಪ್ ನಾಲ್ಕು ಬೇಕು, 12 ಅಡಿ ಉಳಿಯುತ್ತೆ. ನನ್ನ ಕೊಟೇಶನ್ ನಿಂತಿರೋದು ಆ ಬಳಪದ ಗೆರೆಗಳ ಮೇಲೆ. ಹುಡುಗ ಅದರ ಫೋಟೋ ಹೊಡ್ಕೊಂಡು ಸೈಟಿಗೆ ಹೋಗ್ತಾನೆ, ಅಪ್ಪ ಅಲ್ಲಿ ಇರಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನಿಗೆ ಐಸೊಮೆಟ್ರಿಕ್ ಅನ್ನೋ ಹೆಸರು ನಾನು ಹೇಳೋವರೆಗೂ ಗೊತ್ತಿರಲಿಲ್ಲ. 'ಏನೋ ಒಂದು, ಮೂಲೆಯಿಂದ ನೋಡಿದಂಗೆ ಬರೆಯೋದು' ಅಂದ್ರು.

6/6

ಈ ಚಿತ್ರಕ್ಕೊಂದು ದೌರ್ಬಲ್ಯ ಇದೆ. ದೂರದ್ದು ಚಿಕ್ಕದಾಗಲ್ಲ ಅಂದ್ಮೇಲೆ ಯಾವುದು ಹತ್ತಿರ, ಯಾವುದು ದೂರ ಅಂತ ಕಣ್ಣಿಗೆ ಗೊತ್ತಾಗಲ್ಲ. 1958ರಲ್ಲಿ ಲಯೊನೆಲ್ ಪೆನ್‌ರೋಸ್, ರೋಜರ್ ಪೆನ್‌ರೋಸ್, ತಂದೆ-ಮಗ ಸೇರಿ, ಕಾಗದದ ಮೇಲೆ ಸರಿಯಾಗಿ ಕಾಣೋ ಆದ್ರೆ ಕಟ್ಟೋಕೇ ಆಗದ ತ್ರಿಕೋನ ಪ್ರಕಟಿಸಿದ್ರು. (ಮಗನಿಗೆ 2020ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ಅದು ಬ್ಲ್ಯಾಕ್ ಹೋಲ್ ಲೆಕ್ಕಕ್ಕೆ.) ಡಚ್ ಕಲಾವಿದ ಎಷರ್ 1961ರಲ್ಲಿ ಅದನ್ನಿಟ್ಟುಕೊಂಡು ಹರಿದ ನೀರು ಮತ್ತೆ ಮೇಲಿಂದಲೇ ಬೀಳೋ ಜಲಪಾತ ಬರೆದ. ನೀವು ಮೊಬೈಲ್‌ನಲ್ಲಿ ಆಡಿರೋ ಮಾನ್ಯುಮೆಂಟ್ ವ್ಯಾಲಿ ಗೇಮ್ ಪೂರ್ತಿ ನಿಂತಿರೋದು ಇದೇ ಮೋಸದ ಮೇಲೆ.

ಕೊನೆಯ ಫೋಟೋ ನಿಮಗೆ ಹೋಂವರ್ಕ್: ಅರ್ಧ ತೆರೆದ ಬೆಂಕಿಪೊಟ್ಟಣ. 30-60 ಸೆಟ್ ಸ್ಕ್ವೇರ್ ಹಳೇ ಜಾಮಿಟ್ರಿ ಬಾಕ್ಸ್‌ನಲ್ಲಿ ಇದ್ದೇ ಇರುತ್ತೆ. ಮೊದಲು ಒಳಗಿನ ಗೂಡೂ ಸೇರಿ ಇಡೀದು ಹಿಡಿಸೋ ಒಂದು ದೊಡ್ಡ ಪೆಟ್ಟಿಗೆಯನ್ನ ತೆಳುವಾಗಿ ಬರ್ಕೊಳ್ಳಿ, ಆಮೇಲೆ ಬೇಡದ್ದನ್ನ ಅಳಿಸ್ತಾ ಬನ್ನಿ. ಬರೆದು ನನಗೆ ಟ್ಯಾಗ್ ಮಾಡಿ, ಸ್ಟೋರಿಗೆ ಹಾಕ್ತೀನಿ. ಅಳತೆ ಬರೆಯದೇ ಕಳಿಸಿದ್ರೆ ಅಪ್ಪನಿಗೆ ತೋರಿಸ್ತೀನಿ.