51.5 ಕಿಲೋಮೀಟರ್ ಎಲ್ಲ ಕಡೆ ಒಂದೇ, ರೇಸ್ ಮಾತ್ರ ಬೇರೆ ಬೇರೆ



ಮೊದಲ ಸಲ ಒಲಿಂಪಿಕ್ ಡಿಸ್ಟನ್ಸ್ ಟ್ರಯಥ್ಲಾನ್ ಮಾಡಬೇಕು ಅಂತ ಹೊರಟವರು ಕೇಳೋ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟು ತಿಂಗಳು ಟ್ರೈನಿಂಗ್ ಬೇಕು?" ಒಳ್ಳೇ ಪ್ರಶ್ನೆನೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: "ಎಲ್ಲಿ?" 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ, ಒಟ್ಟು 51.5. ಈ ಲೆಕ್ಕ ಎಲ್ಲ ಕಡೆ ಒಂದೇ. ಆದರೆ ನೀರು, ರಸ್ತೆ, ಬಿಸಿಲು ಒಂದೇ ಅಲ್ಲ. ಈ ಆಟದ ಐವತ್ತು ವರ್ಷದ ಚರಿತ್ರೆ ಪೂರ್ತಿ ಹೇಳೋದು ಇದನ್ನೇ.

ಶುರುವಿನಿಂದ ನೋಡೋಣ. 1974ರ ಸೆಪ್ಟೆಂಬರ್ 25, ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ. ಅಲ್ಲಿನ ಟ್ರ್ಯಾಕ್ ಕ್ಲಬ್‌ನ ಜಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಅನ್ನೋ ಇಬ್ಬರು ಓಟ, ಸೈಕಲ್, ಈಜು ಮೂರನ್ನೂ ಸೇರಿಸಿ ಸಂಜೆ ಹೊತ್ತು ಒಂದು ಸ್ಪರ್ಧೆ ಇಟ್ಟರು. ಟ್ರಯಥ್ಲಾನ್ ಅನ್ನೋ ಹೆಸರಲ್ಲಿ ನಡೆದ ಮೊದಲ ಆಧುನಿಕ ರೇಸ್ ಇದು ಅಂತ ಚರಿತ್ರೆ ಹೇಳುತ್ತೆ. ಮುಗಿಸಿದವರು 46 ಜನ. ಗಮನಿಸಿ, ಈಗಿನ ಹಾಗೆ ಈಜು ಮೊದಲು ಇರಲಿಲ್ಲ. ಓಟದಿಂದ ಶುರು, ನೀರು ಆಮೇಲೆ. ಕೊನೆಗೆ ಬಂದವರು ಈಜುವ ಹೊತ್ತಿಗೆ ಕತ್ತಲಾಗಿ, ಕಾರುಗಳ ಹೆಡ್‌ಲೈಟ್ ಹಾಕಿ ನೀರಿನ ಮೇಲೆ ಬೆಳಕು ಬಿಡಬೇಕಾಯ್ತು. ಸುಸ್ತಾದ ಮೇಲೆ, ಅದೂ ಕತ್ತಲಲ್ಲಿ ನೀರಿಗೆ ಇಳಿಯೋದು ಎಷ್ಟು ಅಪಾಯ ಅಂತ ಯೋಚನೆ ಮಾಡಿ. ಈಗಿನ ಕ್ರಮದಲ್ಲಿ ಈಜು ಮೊದಲು ಬರುತ್ತೆ. ಮೈ ದಣಿಯೋ ಮೊದಲೇ ನೀರಿನ ಕೆಲಸ ಮುಗಿದಿರುತ್ತೆ.

ಆ ಸಂಜೆ ಓಡಿದವರಲ್ಲಿ ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ದಂಪತಿ ಇದ್ದರು. ಮುಂದೆ ಅವರು ಹವಾಯಿಗೆ ಹೋದರು. 1978ರ ಫೆಬ್ರವರಿ 18ರಂದು ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆಸಿದರು. ಅದರ ದೂರ ಎಲ್ಲಿಂದ ಬಂತು ಗೊತ್ತಾ? ಯಾವ ವಿಜ್ಞಾನಿಯೂ ಲೆಕ್ಕ ಹಾಕಿದ್ದಲ್ಲ. ಆ ದ್ವೀಪದಲ್ಲಿ ಆಗಲೇ ಇದ್ದ ವೈಕೀಕಿ ಸಮುದ್ರ ಈಜು, ದ್ವೀಪ ಸುತ್ತುವ ಸೈಕಲ್ ರೈಡ್, ಹೊನೊಲುಲು ಮ್ಯಾರಥಾನ್, ಈ ಮೂರನ್ನೂ ಒಂದಕ್ಕೊಂದು ಹೊಲಿದರು ಅಷ್ಟೇ. ಅಂದ್ರೆ ಅಲ್ಲಿ ಊರು ಮೊದಲು ಬಂತು, ದೂರ ಆಮೇಲೆ. ಹೊರಟವರು 15, ಮುಗಿಸಿದವರು 12.

ಒಲಿಂಪಿಕ್ ಡಿಸ್ಟನ್ಸ್ ಹುಟ್ಟಿದ್ದು ಇದಕ್ಕೆ ತದ್ವಿರುದ್ಧವಾಗಿ. 1980ರ ದಶಕದಲ್ಲಿ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಒಂದು ಟ್ರಯಥ್ಲಾನ್ ಸರಣಿ ನಡೀತಿತ್ತು. ಅದನ್ನು ನಡೆಸುತ್ತಿದ್ದವರಲ್ಲಿ ಒಬ್ಬರು ಜಿಮ್ ಕರ್ಲ್. ಎಲ್ಲ ಊರಿಗೂ ಹೊಂದುವ ಒಂದು ಅಳತೆ ಬೇಕಿತ್ತು. ಈಜುಗಾರರಿಗೆ 1,500 ಮೀಟರ್ ಗೊತ್ತು, ಸೈಕಲ್‌ನವರಿಗೆ 40 ಕಿಲೋಮೀಟರ್ ಟೈಮ್ ಟ್ರಯಲ್ ಗೊತ್ತು, ಓಟಗಾರರಿಗೆ 10 ಕಿಲೋಮೀಟರ್ ಗೊತ್ತು. ಮೂರೂ ಪರಿಚಿತ ಅಂಕಿ. ಹಾಗೆ 51.5 ಬಂತು. 1989ರಲ್ಲಿ ಫ್ರಾನ್ಸ್‌ನ ಅವಿನ್ಯಾನ್‌ನಲ್ಲಿ ಅಂತಾರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟ ಹುಟ್ಟಿತು. ಅದೇ ವರ್ಷ, ಅದೇ ಊರಲ್ಲಿ, ಇದೇ ದೂರಕ್ಕೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಯ್ತು. ಗೆದ್ದವರು ಮಾರ್ಕ್ ಅಲೆನ್ ಮತ್ತು ಎರಿನ್ ಬೇಕರ್. 1994ರಲ್ಲಿ ಒಲಿಂಪಿಕ್ಸ್‌ಗೆ ಸೇರಿಸೋ ತೀರ್ಮಾನ, 2000ದಲ್ಲಿ ಸಿಡ್ನಿ.

ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತೆ. ದೂರ ಕಾಗದದ ಮೇಲೆ ಒಂದೇ ಆಯ್ತು. ಆದರೆ ಪ್ರತಿ ಒಲಿಂಪಿಕ್ಸ್‌ನಲ್ಲೂ ಕೋರ್ಸ್ ತನ್ನ ಬುದ್ಧಿ ತೋರಿಸಿತು.

ಸಿಡ್ನಿಯಲ್ಲಿ ಒಪೆರಾ ಹೌಸ್ ಪಕ್ಕದ ಫಾರ್ಮ್ ಕೋವ್‌ನಲ್ಲಿ ಈಜು. ಟಿವಿಗೆ ಹೇಳಿ ಮಾಡಿಸಿದಂಥ ಜಾಗ. ಮಹಿಳೆಯರ ರೇಸ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಬ್ರಿಗಿಟ್ ಮ್ಯಾಕ್‌ಮಹನ್, ಆತಿಥೇಯ ದೇಶದ ಮಿಶೆಲಿ ಜೋನ್ಸ್‌ರನ್ನು ಬರೀ ಎರಡು ಸೆಕೆಂಡಿನಲ್ಲಿ ಸೋಲಿಸಿದರು. ನಾಲ್ಕು ವರ್ಷ ಆದ ಮೇಲೆ ಅಥೆನ್ಸ್ ಹತ್ತಿರದ ವೂಲಿಯಾಗ್ಮೆನಿ. ಅಲ್ಲಿ ಸೈಕಲ್ ದಾರಿಯಲ್ಲಿ ಕಡಿದಾದ ಏರು, ಜೊತೆಗೆ ಆಗಸ್ಟ್ ಬಿಸಿಲು. ಆಸ್ಟ್ರಿಯಾ ಪರ ಇಳಿದಿದ್ದ ಕೇಟ್ ಅಲೆನ್ ನೀರಿನಿಂದ ಮೇಲೆ ಬಂದಾಗ ತುಂಬಾ ಹಿಂದಿದ್ದರು. ಮುಂದಿದ್ದವರು ಲೊರೆಟಾ ಹ್ಯಾರಪ್. ಓಟದ ಕೊನೇ ಕ್ಷಣದಲ್ಲಿ ಅಲೆನ್ ಅವರನ್ನು ದಾಟಿ ಚಿನ್ನ ಗೆದ್ದರು. ಏರು ಮತ್ತು ಬಿಸಿಲು ಇದ್ದ ಕಡೆ ಮೊದಲೇ ಮುಂದೆ ಹೋಗಿಬಿಟ್ಟರೆ ಸಾಲದು, ಕೊನೇವರೆಗೂ ಉಳಿಸ್ಕೋಬೇಕು.

2012ರ ಲಂಡನ್ ನೋಡಿ. ಹೈಡ್ ಪಾರ್ಕ್, ಒಳಗೆ ಸರ್ಪೆಂಟೈನ್ ಸರೋವರದ ನಿಂತ ನೀರು, ಸಮತಟ್ಟು ರಸ್ತೆ, ಲ್ಯಾಪ್ ಮೇಲೆ ಲ್ಯಾಪ್. ಫಲಿತಾಂಶ? ನಿಕೋಲಾ ಸ್ಪಿರಿಗ್ ಮತ್ತು ಲೀಸಾ ನೊರ್ಡೆನ್ ಇಬ್ಬರ ಸಮಯವೂ 1 ಗಂಟೆ 59 ನಿಮಿಷ 48 ಸೆಕೆಂಡ್. ಫೋಟೋ ನೋಡಿ ಸ್ಪಿರಿಗ್‌ಗೆ ಚಿನ್ನ ಕೊಟ್ಟರು. ಅದೇ ಅಥೆನ್ಸ್‌ನಲ್ಲಿ ಗೆದ್ದ ಅಲೆನ್ ತಗೊಂಡಿದ್ದು ಎರಡು ಗಂಟೆಗಿಂತ ಜಾಸ್ತಿ. ಹಾಗಂತ ಲಂಡನ್‌ನವರು ಗಟ್ಟಿ, ಅಥೆನ್ಸ್‌ನವರು ಸಡಿಲ ಅಂತ ಹೇಳೋಕಾಗುತ್ತಾ? ಅದಕ್ಕೇ ಮ್ಯಾರಥಾನ್ ವಿಶ್ವದಾಖಲೆ ಹಾಗೆ ಟ್ರಯಥ್ಲಾನ್‌ನಲ್ಲಿ ಸಮಯವನ್ನೇ ಹಿಡಿದು ಯಾರೂ ಜಗಳ ಆಡಲ್ಲ. ಗೆಳೆಯ ಯಾವುದೋ ಊರಲ್ಲಿ ಎರಡೂವರೆ ಗಂಟೆಗೆ ಮುಗಿಸಿದ ಅಂತ ನಿಮಗೂ ಅದೇ ಗುರಿ ಇಟ್ಕೋಬೇಡಿ.

ಟೋಕಿಯೊ ಪಾಠ ಬಿಸಿಲಿನದ್ದು. 2019ರ ಆಗಸ್ಟ್‌ನಲ್ಲಿ ಒಡೈಬಾದಲ್ಲಿ ಪರೀಕ್ಷಾರ್ಥ ಸ್ಪರ್ಧೆ ನಡೆದಾಗ ಸೆಖೆಯ ಕಾರಣಕ್ಕೆ ಮಹಿಳೆಯರ ಓಟವನ್ನು 10 ಕಿಲೋಮೀಟರ್‌ನಿಂದ 5ಕ್ಕೆ ಇಳಿಸಿದರು. ಅದೇ ವಾರ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಮಿತಿ ಮೀರಿದ್ದರಿಂದ ಪ್ಯಾರಾ ಟ್ರಯಥ್ಲಾನ್‌ನ ಈಜು ರದ್ದಾಯ್ತು. ಒಲಿಂಪಿಕ್ಸ್ ಹೊತ್ತಿಗೆ ಬೆಳಗ್ಗೆ 6.30ಕ್ಕೇ ರೇಸ್ ಶುರು ಮಾಡಿದರು.

ಪ್ಯಾರಿಸ್ ಪಾಠ ನೀರಿನದ್ದು. ಸೀನ್ ನದಿಯಲ್ಲಿ ಈಜು ನಿಷೇಧವಾಗಿದ್ದು 1923ರಲ್ಲಿ. ನೂರು ವರ್ಷದ ಮೇಲೆ, ನೂರು ಕೋಟಿ ಯೂರೋಗೂ ಹೆಚ್ಚು ಸುರಿದು ನದಿಯನ್ನು ಸ್ವಚ್ಛ ಮಾಡೋಕೆ ಹೊರಟರು. ಆದರೂ 2024ರಲ್ಲಿ ಉದ್ಘಾಟನೆ ಹೊತ್ತಿಗೆ ಜೋರು ಮಳೆ ಬಂದು ಚರಂಡಿ ನೀರು ನದಿಗೆ ಸೇರಿತು. ಜುಲೈ 30ಕ್ಕೆ ಇದ್ದ ಪುರುಷರ ರೇಸ್ ಮರುದಿನಕ್ಕೆ ಹೋಯ್ತು. ಅಷ್ಟು ದುಡ್ಡಿರೋ ಊರಲ್ಲೇ ಹೀಗೆ. ಬೆಂಗಳೂರಿನ ಕೆರೆಗಳ ಕಥೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಮಾರನೇ ದಿನ ಊರಿನ ನೀರಿಗೆ ಇಳಿಯೋ ಮುಂಚೆ ಪ್ಯಾರಿಸ್ ನೆನಪಿಸಿಕೊಳ್ಳಿ. ಆ ನದಿಗೆ ಸೆಳೆತವೂ ಜೋರು. ಎದುರು ಈಜುವಾಗ ವಿಶ್ವದ ಅತ್ಯುತ್ತಮ ಅಥ್ಲೀಟ್‌ಗಳೇ ದಡಕ್ಕೆ ಅಂಟಿಕೊಂಡು ಹೋಗಿದ್ದನ್ನು ನಾವೆಲ್ಲ ನೋಡಿದ್ವಿ.

ಇದು ಬರೀ ಟೈಮಿಂಗ್ ವಿಷಯ ಅಲ್ಲ. ಅಮೆರಿಕದ ಮೂರು ದಶಕಗಳ ಟ್ರಯಥ್ಲಾನ್ ಸಾವುಗಳು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಪರಿಶೀಲಿಸಿದಾಗ ಮೂರರಲ್ಲಿ ಎರಡು ಪಾಲು ಈಜಿನ ಹಂತದಲ್ಲೇ ಆಗಿದ್ದವು. ಹಾಗಾಗಿ ಮೊದಲ ರೇಸ್ ಆರಿಸುವಾಗ ಮೊದಲು ನೋಡಬೇಕಾದ್ದು ನೀರು, ಮೆಡಲ್ ಡಿಸೈನ್ ಅಲ್ಲ. ಬರೀ ಪೂಲ್‌ನಲ್ಲಿ ಕಲಿತವರಿಗೆ ಗೋಡೆ ಇಲ್ಲದ, ತಳ ಕಾಣದ, ನೂರಾರು ಕೈಕಾಲು ಬಡಿಯೋ ನೀರು ಬೇರೆ ಲೋಕ. ನಿಂತ ನೀರು, ದಡಕ್ಕೆ ಹತ್ತಿರದ ದಾರಿ, ಸಾಕಷ್ಟು ರಕ್ಷಣಾ ದೋಣಿ ಇರೋ ಕಡೆ ಹೋಗಿ. ರೇಸ್‌ಗೆ ಮುಂಚೆ ಕೆಲವು ಸಲವಾದರೂ, ಕಾವಲು ಇರೋ ಕಡೆ, ಜೊತೆಗೊಬ್ಬರನ್ನು ಇಟ್ಟುಕೊಂಡು ತೆರೆದ ನೀರಿನಲ್ಲಿ ಈಜಿ. ತಣ್ಣನೆ ನೀರಲ್ಲಿ ವೆಟ್‌ಸೂಟ್ ತೇಲಿಸುತ್ತೆ. ಬೆಚ್ಚಗಿನ ನೀರಲ್ಲಿ ಅದಕ್ಕೆ ಅನುಮತಿ ಇರಲ್ಲ, ಅದನ್ನೂ ಕೇಳಿ ತಿಳ್ಕೊಳ್ಳಿ.

ಆಮೇಲೆ ಸೈಕಲ್. ಟಿವಿಯಲ್ಲಿ ಕಾಣೋ ಹಾಗೆ ಗುಂಪಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗೋದು ಎಲೀಟ್‌ಗಳಿಗೆ ಸರಿ. ಹವ್ಯಾಸಿಗಳ ಹೆಚ್ಚಿನ ರೇಸ್‌ಗಳಲ್ಲಿ ಅದು ತಪ್ಪು. ಅಂದ್ರೆ ಎದುರುಗಾಳಿಯನ್ನು ಒಬ್ಬರೇ ಎದುರಿಸಬೇಕು. ಏರು ಎಷ್ಟು, ಟ್ರಾಫಿಕ್ ಪೂರ್ತಿ ಮುಚ್ಚಿರ್ತಾರಾ, ತಿರುವುಗಳಲ್ಲಿ ರಸ್ತೆ ಹೇಗಿದೆ ಅಂತ ವಿಚಾರಿಸಿ. ಪ್ಯಾರಿಸ್‌ನ ಒದ್ದೆ ರಸ್ತೆಯಲ್ಲಿ ಒಲಿಂಪಿಯನ್ನರೇ ಜಾರಿ ಬಿದ್ದರು.

ಕೊನೆಗೆ ಹವಾಮಾನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತಂಪು ಬೆಳಗಿನಲ್ಲಿ ತಯಾರಾದ ಮೈ ಕರಾವಳಿಯ ಸೆಖೆಯಲ್ಲಿ 10 ಕಿಲೋಮೀಟರ್ ಓಡುವಾಗ ಬೇರೆ ಥರಾನೇ ವರ್ತಿಸುತ್ತೆ. ಓಟದ ದಾರಿಯಲ್ಲಿ ನೆರಳಿದೆಯಾ, ನೀರು ಎಷ್ಟು ಕಡೆ ಸಿಗುತ್ತೆ, ಶುರು ಎಷ್ಟು ಗಂಟೆಗೆ?

ದೂರವನ್ನು ಯಾರೋ 1980ರ ದಶಕದಲ್ಲೇ ನಿರ್ಧಾರ ಮಾಡಿಬಿಟ್ಟಿದ್ದಾರೆ, ಅದು ನಮ್ಮ ಕೈಯಲ್ಲಿಲ್ಲ. ಕೋರ್ಸ್ ನಮ್ಮ ಕೈಯಲ್ಲಿದೆ. ಮೊದಲ ರೇಸ್‌ಗೆ ಚಂದದ ಫೋಟೋ ಬರೋ ಜಾಗಕ್ಕಿಂತ, ಎರಡನೇ ರೇಸ್‌ಗೂ ಹೋಗ್ಬೇಕು ಅನ್ನಿಸೋ ಜಾಗ ಆರಿಸಿ. ಮತ್ತೆ ಸಿಗೋಣ.